ಸಾವಂತ್ರವ್ವನ ಒದರುವ ಕೋಲು

ಸಾವಂತ್ರವ್ವ ನನಗಿಂತ ಹದಿನಾರು ವರ್ಷ ಚಿಕ್ಕವಳು. ಅವಳ ಮನೆಯ ಗೋಡೆ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಇದೆ. ಹಾಗಾಗಿ ‘ಅವಳು’ ಎಂದೇ ಬರೆಯುತ್ತೇನೆ. ಬಹುವಚನ ಹಚ್ಚಿದರೆ, ಯಾರ ಬಗ್ಗೆ ಬರೆದೀರಿ ಅಕ್ಕಾರ ಎಂದು ಅವಳೇ ಕೇಳಿಯಾಳು.

ನಾವಿರುವುದು ಪುಣೆಯ ಭೋಸರಿಯಲ್ಲಿ, ಕಾರ್ಖಾನೆಗಳ ಬೆನ್ನಿಗೆ ಬೆಳೆದ ಒಂದು ಕಾಲನಿಯ ನಾಲ್ಕನೇ ಓಣಿಯಲ್ಲಿ. ನಾನು ಅನ್ನಪೂರ್ಣಮ್ಮ. ಬಾಗಲಕೋಟೆಯಿಂದ ಮದುವೆಯಾಗಿ ಬಂದು, ವಿಮಾ ಕಚೇರಿಯಲ್ಲಿ ಕಾರಕೂನಳಾಗಿ ದುಡಿದು ನಿವೃತ್ತಳಾದವಳು. ಸಾವಂತ್ರವ್ವ ಜೇವರ್ಗಿ ಕಡೆಯವಳು. ಹತ್ತೊಂಬತ್ತನೇ ವಯಸ್ಸಿಗೆ ಗಂಡ ಕಾಡಪ್ಪನ ಜೊತೆ ಇಲ್ಲಿಗೆ ಬಂದು, ಏಳೆಂಟು ವರ್ಷ ಕಟ್ಟಡಗಳ ಮೇಲೆ ಉಸುಕಿನ ಬುಟ್ಟಿ ಹೊತ್ತಳು. ಆಮೇಲೆ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸ ಸಿಕ್ಕಿತು. ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಅಚ್ಚಿನ ಮೇಲೆ ಸುರುಳಿ ಸುರುಳಿಯಾಗಿ ಸುತ್ತುವುದು, ಒಂದು ಸುತ್ತು ಇನ್ನೊಂದರ ಮೇಲೆ ಏರದಂತೆ ನೋಡಿಕೊಳ್ಳುವುದು. ಈಗ ಅವಳಿಗೆ ನಲವತ್ತಾರು. ಆ ಕಾರ್ಖಾನೆಯ ಹೆಂಗಸರಲ್ಲೆಲ್ಲ ಅವಳ ಕೈಯೇ ಚೊಕ್ಕ ಎಂದು ಹೆಸರು. “ತಂತಿ ಹರಿಯೂ ಮೊದ್ಲೇ ನನ್ನ ಬೆರಳಿಗಿ ಗೊತ್ತಾಗ್ತದ್ರಿ” ಎನ್ನುತ್ತಾಳೆ. ಸುಳ್ಳಲ್ಲ.

ಕೆಲಸ, ಮನೆ, ಶನಿವಾರದ ಸಂತೆ, ರವಿವಾರ ಬಟ್ಟೆ ಒಗೆಯುವುದು. ಅವಳ ದಿನಗಳು ಹೀಗೇ ನಡೆದಿದ್ದವು. ಮಗಳು ಶೀತಲಳನ್ನು ಚಿಂಚವಡಕ್ಕೆ ಮದುವೆ ಮಾಡಿ ಕೊಟ್ಟಿದ್ದಾಯಿತು. ಹವ್ಯಾಸ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವಳ ಕಾರ್ಖಾನೆಗೆ ಒಂದು ಹೊಸ ಬಗೆಯ ಕಾಯಿಲಿನ ಆರ್ಡರು ಬಂತು. ಊಟದ ತಟ್ಟೆಯಷ್ಟು ಅಗಲದ ಬಳೆಯಂಥ ಕಾಯಿಲು. ನೆಲದೊಳಗಿನ ಲೋಹ ಹುಡುಕುವ ಯಂತ್ರಕ್ಕೆ ಹಾಕುವಂಥದು. ಅದನ್ನು ಪರೀಕ್ಷೆ ಮಾಡುವ ಹೊಣೆ ರಘುರಾಮ ಎಂಬ ಇಂಜಿನಿಯರನದು. ಮೂವತ್ತರ ಆಸುಪಾಸಿನ ಹುಡುಗ, ತುಮಕೂರಿನವ. ಇಡೀ ಕಾರ್ಖಾನೆಯಲ್ಲಿ ಅವನಿಗೆ ಕನ್ನಡ ಮಾತಾಡಲು ಸಿಕ್ಕವಳು ಸಾವಂತ್ರವ್ವ ಒಬ್ಬಳೇ. ಅವಳ ಹೆಸರನ್ನು ಅವನು ತನ್ನ ಊರಿನ ರೀತಿಯಲ್ಲಿ ಸಾವಂತ್ರಮ್ಮ ಎಂದು ಮಾಡಿಕೊಂಡಿದ್ದ.

ಒಂದು ಮಧ್ಯಾಹ್ನ ಅವನು ಕಾಯಿಲಿಗೆ ತಂತಿ ಜೋಡಿಸಿ, ಸ್ಕ್ರೂಡ್ರೈವರನ್ನು ಅದರ ಹತ್ತಿರ ತಂದ. ಮೇಜಿನ ಮೇಲಿನ ಸ್ಪೀಕರು ಕುಂಯ್ ಎಂದು ಒದರಿತು. ದೂರ ಒಯ್ದರೆ ಸುಮ್ಮನಾಯಿತು. ಸಾವಂತ್ರವ್ವ ಕೈಯೊಳಗಿನ ಕೆಲಸ ಬಿಟ್ಟು ಎದ್ದು ಬಂದಳು.

“ಮುಟ್ಟಿಲ್ಲ ಏನಿಲ್ಲ, ಅದಕ್ಕ ಹ್ಯಾಂಗ ಗೊತ್ತಾಯ್ತ್ರಿ ಸರ್?”

“ಕಾಯಿಲು ಸುತ್ತಲೂ ಒಂದು ಅಲೆ ಬಿಡುತ್ತೆ ಅಕ್ಕ. ಲೋಹ ಇದ್ರೆ ಅದು ವಾಪಸ್ ಒಂದು ಅಲೆ ಕಳಿಸುತ್ತೆ. ಕಾಯಿಲು ಅದನ್ನ ಕೇಳಿಸ್ಕೊಳ್ಳುತ್ತೆ.”

ಅವಳು ಸ್ವಲ್ಪ ಯೋಚಿಸಿದಳು. “ಬಾವ್ಯಾಗ ಬಗ್ಗಿ ಕರದ್ರ ಬಾವಿ ಓ ಅಂತದಲ್ರಿ, ಹಂಗ?”

ರಘುರಾಮ ನಕ್ಕುಬಿಟ್ಟ. ತಾನು ಕಾಲೇಜಿನಲ್ಲಿ ಒಂದು ವರ್ಷ ಓದಿದ್ದನ್ನು ಈಕೆ ಒಂದೇ ಮಾತಿನಲ್ಲಿ ಹೇಳಿದಳು ಎಂದು ಆಮೇಲೆ ನನ್ನ ಮುಂದೆಯೂ ಹೇಳಿದ.

ಹದಿನೆಂಟು ವರ್ಷದಿಂದ ಸಾವಂತ್ರವ್ವ ಸುತ್ತಿದ ಕಾಯಿಲುಗಳು ಡಬ್ಬಿ ಸೇರಿ ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅವು ಅಲ್ಲಿ ಏನು ಮಾಡುತ್ತವೆಂದು ಅವಳು ನೋಡಿದವಳಲ್ಲ. ತಾನು ಸುತ್ತಿದ ತಂತಿ ಹೀಗೆ ದನಿ ತೆಗೆದದ್ದನ್ನು ಕೇಳಿದ್ದು ಅದೇ ಮೊದಲು. ಅವತ್ತು ಸಂಜೆ ಮನೆಗೆ ಬಂದವಳು ಚಪ್ಪಲಿ ಸಹಿತ ಬಿಡದೆ ನಮ್ಮ ಬಾಗಿಲಿಗೆ ನಿಂತು ಎಲ್ಲ ಹೇಳಿದಳು. ಹೇಳುವಾಗ ಕೈ ಬಾಯಿ ಎರಡೂ ಓಡುತ್ತಿದ್ದವು. “ಅಂಥಾದೊಂದು ನನಗ ಬೇಕ್ರಿ ಅಕ್ಕಾರ” ಎಂದಳು. ಸೀರೆ ಬೇಕು, ಮಿಕ್ಸರ್ ಬೇಕು ಎಂದು ಹೇಳಿದ್ದನ್ನು ಕೇಳಿದ್ದೆ. ಇಷ್ಟು ಆಸೆಪಟ್ಟು ಕೇಳಿದ್ದು ನಾನು ಕಂಡಿರಲಿಲ್ಲ.

ರಘುರಾಮ ಮಾಲಕರನ್ನು ಕೇಳಿ, ಪರೀಕ್ಷೆಯಲ್ಲಿ ತಿರಸ್ಕೃತವಾದ ಒಂದು ಕಾಯಿಲನ್ನು ಅವಳಿಗೆ ಕೊಡಿಸಿದ. ಅವಳು ಅದನ್ನು ತಿರುವಿ ನೋಡಿ, “ಸುತ್ತಿನ ಮ್ಯಾಲ ಸುತ್ತು ಏರ್ಯಾವ. ಇದು ಯಾರದೋ ಗಡಿಬಿಡಿ ಕೈ” ಎಂದು ಪೂರ್ತಿ ಬಿಚ್ಚಿ, ಊಟದ ಬಿಡುವಿನಲ್ಲಿ ತಾನೇ ಹೊಸದಾಗಿ ಸುತ್ತಿದಳು. ಅವನು ಮೂರು ವಾರ ಕೂತು ಅದಕ್ಕೆ ಬೇಕಾದ ಸರ್ಕಿಟ್ಟು ಮಾಡಿದ. ಸರ್ಕಿಟ್ಟು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿತು. ಹಿಡಿಕೆ ನೀರಿನ ಪ್ಲಾಸ್ಟಿಕ್ ಪೈಪಿನದು. ಕಬ್ಬಿಣದ ಹಿಡಿಕೆ ಹಾಕಿದರೆ ಯಂತ್ರ ತನ್ನ ಹಿಡಿಕೆಗೆ ತಾನೇ ಒದರುತ್ತ ಕೂಡುತ್ತದಂತೆ.

ಕೊಡುವಾಗ ರಘುರಾಮ ಗಂಭೀರವಾಗಿ ಹೇಳಿದ: “ಕೋಟೆ, ಹಳೇ ಗುಡಿ, ಹಳೇ ವಾಡೆ, ಅಂಥ ಕಡೆ ಇದನ್ನ ತಗೊಂಡು ಹೋಗ್ಲೇಬಾರದು ಅಕ್ಕ. ಕಾನೂನು ಒಪ್ಪಲ್ಲ. ಯಾರ ಜಾಗ ಆದ್ರೂ ಕೇಳಿ ಒಳಗೆ ಹೋಗ್ಬೇಕು. ಹಳೇ ಕಾಲದ ಬೆಲೆಬಾಳೋದು ಏನಾದ್ರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸ್ಬೇಕು. ಅಗೆದ ಗುಂಡಿ ಮುಚ್ಚಿ ಬರ್ಬೇಕು.”

“ಗುಂಡಿ ಮುಚ್ಚೂದು ನನಗ ಹೇಳ್ಬೇಕೇನ್ರಿ ಸರ್” ಎಂದಳು ಸಾವಂತ್ರವ್ವ. “ಮಂದಿ ಮನೀ ಪಾಯಾ ಎಷ್ಟು ತುಂಬೇನಿ ನಾ.”

ಮೊದಲ ರವಿವಾರ ಬೆಳಿಗ್ಗೆ ಆರೂವರೆಗೇ ಅವಳ ದನಿ ಕೇಳಿತು. “ಅಕ್ಕಾರ, ಜರಾ ಹೊರಗ ಬರ್ರಿ.” ಕಾಲನಿಯ ಹಿಂದಿನ ಬಯಲಿಗೆ ಹೋದೆವು. ನಾನು, ಅವಳು, ಮತ್ತು ಚಹಾದ ಲೋಟ ಹಿಡಿದುಕೊಂಡೇ ಹಿಂದೆ ಬಂದ ಕಾಡಪ್ಪ. ಅವನು ಕಾಂಕ್ರೀಟ್ ಕಲಸುವ ಕಾರ್ಖಾನೆಯಲ್ಲಿ ಯಂತ್ರ ನಡೆಸುವವ. ಮಾತು ಕಡಿಮೆ. ಹೆಂಡತಿಯ ಈ ಹೊಸ ಹುಚ್ಚು ಅವನಿಗೆ ಹಿಡಿಸಿತ್ತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

ಯಂತ್ರ ಹಚ್ಚಿದ್ದೇ ತಡ, ಒದರತೊಡಗಿತು. ಸಾವಂತ್ರವ್ವ ಸೆರಗು ಸೊಂಟಕ್ಕೆ ಕಟ್ಟಿ, ಕುರ್ಪಿ ತೆಗೆದುಕೊಂಡು ಅಗೆದಳು. ಏನೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದಳು. ಮತ್ತೆ ಒದರಿತು. ಅಗೆದಳು. ಮಣ್ಣು, ಕಲ್ಲು. ಮೂರನೇ ಗುಂಡಿಯೂ ಹಾಗೇ. ಬೆವರು ಒರೆಸಿಕೊಳ್ಳುತ್ತ, “ಇದು ಸುಳ್ಳ ಹೇಳ್ತದ್ರಿ” ಎಂದು ನನ್ನ ಮುಖ ನೋಡಿದಳು.

ಕಾಡಪ್ಪ ಚಹಾ ಮುಗಿಸಿ ಲೋಟ ಕೆಳಗಿಟ್ಟ. “ಕಾಲು ಮುಂದ ಇಟ್ಟಾಗಟ್ಟೇ ಒದರ್ತದ ನೋಡು.”

“ಯಾಕ?”

“ನಿನ್ನ ಕಾಲುಂಗುರಕ್ಕ ಒದರ್ಲಿಕತ್ತದ ಅದು.”

ನಾವು ನಕ್ಕ ಸದ್ದಿಗೆ ಬಯಲಿನ ನಾಯಿಗಳು ಎದ್ದುವು. ಸಾವಂತ್ರವ್ವ ನೆಲಕ್ಕೆ ಕೂತೇ ನಕ್ಕಳು. ಕಾಲುಂಗುರ ತೆಗೆ ಎಂದು ಯಾರೂ ಹೇಳಲಿಲ್ಲ, ಅವಳು ತೆಗೆಯುವವಳೂ ಅಲ್ಲ. ಮರುದಿನ ರಘುರಾಮನಿಂದ ಹಿಡಿಕೆಯನ್ನು ಒಂದು ಮೊಳ ಉದ್ದ ಮಾಡಿಸಿಕೊಂಡು ಬಂದಳು. ಕಾಯಿಲು ಈಗ ಕಾಲಿನಿಂದ ದೂರ ಸರಿಯಿತು.

ಅದಾದಮೇಲೆ ಎದುರಾದದ್ದು ಇಲ್ಲಿಯ ಕರಿಗಲ್ಲು. ಪುಣೆಯ ನೆಲದ ಕಲ್ಲಿನಲ್ಲೇ ಕಬ್ಬಿಣದ ಅಂಶ ಇದೆಯಂತೆ. ಕೆಲವು ಕಡೆ ಯಂತ್ರ ನೆಗಡಿ ಬಂದವರ ಹಾಗೆ ಗೊರಗೊರ ಎನ್ನುತ್ತಿತ್ತು. ಅದು ಕಲ್ಲಿನ ದನಿ, ಖಡಕ್ಕಾಗಿ ಕುಂಯ್ ಎಂದರೆ ಲೋಹದ ದನಿ, ಎಂದು ಅವಳು ತಾನೇ ಕಂಡುಕೊಂಡಳು. ಕೋಲನ್ನು ಎತ್ತದೆ, ಕಸ ಗುಡಿಸಿದಂತೆ ನೆಲಕ್ಕೆ ಸಮವಾಗಿ, ನಿಧಾನವಾಗಿ ಆಡಿಸಬೇಕು. ದನಿ ಬಂದಲ್ಲಿ ಅಡ್ಡ ನಿಂತು ಇನ್ನೊಮ್ಮೆ ಆಡಿಸಬೇಕು. ಎರಡೂ ಗೆರೆ ಕೂಡಿದಲ್ಲೇ ಅಗೆಯಬೇಕು. ಒಂದು ತಿಂಗಳಲ್ಲಿ ಅವಳ ಗುಂಡಿಗಳು ಬುಟ್ಟಿಯಷ್ಟಿದ್ದವು ಬಟ್ಟಲಿನಷ್ಟಾದವು.

ಸಿಕ್ಕಿದ್ದೇನು ಎಂದು ಕೇಳಿದರೆ: ಸೋಡಾ ಬಾಟಲಿಯ ಮುಚ್ಚಳ, ಮೊಳೆ, ಬೀಗವಿಲ್ಲದ ಕೀಲಿಕೈ, ಸೈಕಲ್ಲಿನ ಪೆಡಲು. ಅವಳಿಗೆ ಅದರಲ್ಲೂ ಸಂಭ್ರಮ. ಪ್ರತಿ ಸಲ ಕುರ್ಪಿಗೆ ಏನೋ ತಾಕಿದಾಗ ಉಸಿರು ಹಿಡಿಯುತ್ತಿದ್ದಳು. “ನೋಡೂತನಾ ಅದು ಏನಾದ್ರೂ ಇರಬಹುದಲ್ರಿ” ಎನ್ನುತ್ತಿದ್ದಳು.

ದಸರೆಯ ಹೊತ್ತಿಗೆ ನಾನು ಅವಳಿಗೆ ಮುಕ್ತಾಬಾಯಿಯವರ ಜಾಗ ತೋರಿಸಿದೆ. ಆಳಂದಿ ರಸ್ತೆಯ ಕಡೆ ಅವರದೊಂದು ಮದುವೆಯ ಮೈದಾನ. ಮೂವತ್ತು ವರ್ಷ ಅಲ್ಲಿ ಮಂಟಪ ಹಾಕಿ ಮದುವೆಗಳಾಗಿದ್ದವು, ಈಗ ಮುಚ್ಚಿ ಹುಲ್ಲು ಬೆಳೆದಿತ್ತು. ಮುಕ್ತಾಬಾಯಿ ನನ್ನ ಕಚೇರಿಯ ಹಳೆಯ ಗೆಳತಿ. ಸಾವಂತ್ರವ್ವ ತನ್ನ ಮರಾಠಿಯಲ್ಲಿ ಎಲ್ಲ ವಿವರಿಸಿ ಅಪ್ಪಣೆ ಕೇಳಿದಳು. “ಸಿಕ್ಕಿದ್ದು ನನಗೆ ತೋರಿಸಿ ಹೋಗು, ಅಷ್ಟೇ” ಎಂದರು ಅವರು, ಮತ್ತು ಕುರ್ಚಿ ಹಾಕಿಸಿಕೊಂಡು ತಾವೂ ನೋಡುತ್ತ ಕೂತರು.

ಅಂಥ ಜಾಗ ಅವಳಿಗೆ ಮತ್ತೆ ಸಿಕ್ಕಿಲ್ಲ. ಹತ್ತು ಹೆಜ್ಜೆಗೆ ಒಂದು ದನಿ. ಮಂಟಪದ ಮೊಳೆಗಳ ನಡುವೆ ಗೆಜ್ಜೆಯ ಗುಂಡು ಬಂತು, ಪೇಟದ ಪಿನ್ನು ಬಂತು, ಯಾವಳೋ ಬೀಗಿತ್ತಿಯ ಓಲೆಯ ತಿರುಪು ಬಂತು. ಊಟದ ಪಂಕ್ತಿ ಕೂಡುತ್ತಿದ್ದ ಕಡೆ ಒಂದು ದನಿ ಬೇರೆಯೇ ಇತ್ತು, ದಪ್ಪಗೆ, ಗಟ್ಟಿಯಾಗಿ. ಗೇಣಿನಷ್ಟು ಅಗೆದಾಗ ಹಸಿರುಗಟ್ಟಿದ ಏನೋ ಕಂಡಿತು. ಅವಳು ಕುರ್ಪಿ ಬಿಟ್ಟು ಬೆರಳಿನಿಂದಲೇ ಮಣ್ಣು ಬಿಡಿಸಿದಳು. ಹಿತ್ತಾಳೆಯ ಅಡಕೊತ್ತು. ಹಿಡಿಕೆಯ ತುದಿಗೆ ಎರಡು ಗಿಳಿ. ಕಬ್ಬಿಣದ ಅಲಗಿನ ಬಾಯಿ ತುಕ್ಕು ಹಿಡಿದು ಮುಚ್ಚಿಕೊಂಡಿತ್ತು, ಗಿಳಿಗಳ ಕಣ್ಣು ಮಾತ್ರ ಸ್ಪಷ್ಟವಾಗಿದ್ದವು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಮುಕ್ತಾಬಾಯಿಯ ಕಡೆ ಓಡಿದಳು. ನಲವತ್ತಾರರ ಹೆಂಗಸು ಹುಲ್ಲಿನಲ್ಲಿ ಓಡುವುದನ್ನು ನೋಡಿ ನನಗೆ ಎದೆ ತುಂಬಿತು. ಮುಕ್ತಾಬಾಯಿ ಕನ್ನಡಕ ಏರಿಸಿ ನೋಡಿದರು. “ಯಾರೋ ಮುದುಕರು ಊಟ ಆದಮೇಲೆ ಇಟ್ಟು ಮರೆತದ್ದು. ಮದುವೆ ತುಂಬಾ ಹುಡುಕಿರಬೇಕು. ನೀನೇ ಇಟ್ಟುಕೋ” ಎಂದರು. ಆ ವಾರವೆಲ್ಲ ಸಾವಂತ್ರವ್ವ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕಿದಳು. ಓಣಿಯ ಎಲ್ಲರಿಗೂ ತೋರಿಸಿದಳು. ತೋರಿಸಿದ್ದರಿಂದ ಸುದ್ದಿ ಹಬ್ಬಿತು, ಹಬ್ಬಿದಂತೆ ಬದಲಾಯಿತು. ಸಾವಂತ್ರವ್ವ ನಿಧಿ ಹುಡುಕುತ್ತಾಳಂತೆ, ಬಂಗಾರದ ಗಿಳಿ ಸಿಕ್ಕಿದೆಯಂತೆ ಎಂದು ಮೂರನೇ ಓಣಿಯವರು ನನ್ನನ್ನೇ ಕೇಳಿದರು.

ಡಿಸೆಂಬರಿನಲ್ಲಿ ನಮ್ಮ ಓಣಿಗೆ ಹೊಸ ಡಾಂಬರು ಬಿತ್ತು. ವರ್ಷಗಟ್ಟಲೆ ಕೇಳಿದ ರಸ್ತೆ. ಎಲ್ಲರಿಗೂ ಖುಷಿ. ಮರುದಿನ ಬೆಳಿಗ್ಗೆ ನಳ ತಿರುವಿದರೆ ನೀರಿಲ್ಲ.

ಆದದ್ದು ಇಷ್ಟು: ರಸ್ತೆಯ ಕೆಲಸಕ್ಕೆಂದು ಗುತ್ತಿಗೆದಾರನ ಆಳುಗಳು ನಮ್ಮ ಓಣಿಯ ನೀರಿನ ವಾಲ್ವನ್ನು ಬಂದ್ ಮಾಡಿ, ತಿರುಗಿ ತೆರೆಯದೆ ಬೇರೆ ಊರಿನ ಕೆಲಸಕ್ಕೆ ಹೋಗಿಬಿಟ್ಟಿದ್ದರು. ವಾಲ್ವ್ ನೆಲದೊಳಗೆ ಒಂದು ಸಣ್ಣ ಗುಂಡಿಯಲ್ಲಿರುತ್ತದೆ, ಮೇಲೆ ಕಬ್ಬಿಣದ ಮುಚ್ಚಳ, ಧೂಳು ಕವಿದು ಓಣಿಯವರು ಯಾರೂ ಗಮನಿಸದಂಥದು. ರಸ್ತೆ ಎತ್ತರಿಸುವಾಗ ಆ ಮುಚ್ಚಳದ ಮೇಲೂ ಮುರುಮು, ಖಡಿ ಸುರಿದು, ಡಾಂಬರು ಹಾಕಿ ರೋಲರು ಓಡಿಸಿದ್ದರು. ಅದು ಎಲ್ಲಿತ್ತೆಂದು ಗೊತ್ತಿದ್ದ ಹಳೆಯ ವಾಲ್ವ್‌ಮನ್ ನಿವೃತ್ತನಾಗಿ ಊರಿಗೆ ಹೋಗಿದ್ದ, ಅವನ ಫೋನು ಹತ್ತುತ್ತಿರಲಿಲ್ಲ. ಹೊಸಬ ಬಾಬು ಕಾಂಬಳೆ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಅವನ ಕೈಯಲ್ಲಿ ಒಂದು ಹಳೆಯ ನಕಾಶೆ ಇತ್ತು. ಅದರಲ್ಲಿ ‘ವಿದ್ಯುತ್ ಕಂಬದಿಂದ ಹನ್ನೆರಡು ಅಡಿ’ ಎಂದಿತ್ತು. ಆದರೆ ಆ ಕಂಬವನ್ನೇ ನಾಲ್ಕು ವರ್ಷದ ಹಿಂದೆ ಸರಿಸಿದ್ದರು. ಬಾಬು ಎರಡು ಕಡೆ ಅಗೆಸಿದ. ಎರಡೂ ಕಡೆ ಬರೀ ಮಣ್ಣು. ಇಡೀ ಹೊಸ ರಸ್ತೆ ಅಗೆಯಬೇಕೆಂದರೆ ಮೇಲಿನ ಅಪ್ಪಣೆ ಬೇಕು, ಅದಕ್ಕೆ ದಿನ ಹಿಡಿಯುತ್ತದೆ. ನಲವತ್ತೆರಡು ಮನೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿತು.

ಶನಿವಾರ ಸಂಜೆ ಸಾವಂತ್ರವ್ವ ನನ್ನ ಅಡುಗೆಮನೆಗೆ ಬಂದಳು. “ಅಕ್ಕಾರ, ನಿಮ್ಮ ರೊಟ್ಟಿ ಹಂಚು ಕೊಡ್ರಿ.”

“ರೊಟ್ಟಿ ಮಾಡ್ತೀಯೇನು?”

“ಹೂಳ್ತೀನ್ರಿ.”

ರಘುರಾಮನಿಗೆ ಅವಳು ಆಗಲೇ ಫೋನು ಮಾಡಿದ್ದಳು. ಡಾಂಬರು ಅಡ್ಡ ಬರುವುದಿಲ್ಲ, ಮುಚ್ಚಳ ಬೀಡುಕಬ್ಬಿಣದ್ದು, ದೊಡ್ಡದು, ಆದರೆ ಎಷ್ಟು ಕೆಳಗೆ ಹೋಗಿದೆಯೋ ಹೇಳಲಾಗದು ಎಂದಿದ್ದ ಅವನು. ಅದಕ್ಕೆ ಅವಳು ನಮ್ಮ ಅಂಗಳದ ಪಕ್ಕದ ಉಸುಕಿನ ಗುಡ್ಡೆಯಲ್ಲಿ ನನ್ನ ಕಬ್ಬಿಣದ ಹಂಚು ಹೂಳಿ, ಮೇಲೆ ಕೋಲು ಆಡಿಸಿ ಕೇಳಿದಳು. ನಾಲ್ಕು ಬೆರಳು ಆಳದಲ್ಲಿ ಕಿವಿ ಕಿತ್ತುಹೋಗುವಂತೆ ಒದರಿತು. ಗೇಣು ಆಳದಲ್ಲಿ ದನಿ ಇಳಿಯಿತು. ಒಂದೂವರೆ ಗೇಣಿಗೆ ಬರೀ ಗುಂಯ್ ಎನ್ನುವ ಗುನುಗು, ಆದರೆ ಅಗಲಕ್ಕೆ ಹಬ್ಬಿದ ಗುನುಗು. ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದಳು. ನನ್ನ ಹಂಚು ಅವತ್ತು ಏಳು ಸಲ ಹೂಳಿಸಿಕೊಂಡಿತು.

ರವಿವಾರ ಬೆಳಿಗ್ಗೆ ಅವಳು ಕೋಲು ಹಿಡಿದು ಓಣಿಗೆ ಇಳಿದಾಗ ಬಾಬು ಕಾಂಬಳೆ ಇಬ್ಬರು ಕೂಲಿಗಳ ಜೊತೆ ತಲೆ ಮೇಲೆ ಕೈಹೊತ್ತು ನಿಂತಿದ್ದ. ಪ್ಲಾಸ್ಟಿಕ್ ಡಬ್ಬಿ, ಪೈಪು, ಬಿಳಿ ಪಟ್ಟಿ ಸುತ್ತಿದ ಬಳೆ, ಇದನ್ನೆಲ್ಲ ನೋಡಿ ಅವನಿಗೆ ನಗು ಬಂತು. ಆದರೂ ಬೇಡ ಎನ್ನಲಿಲ್ಲ. ಬೇಡ ಎನ್ನಲು ಅವನ ಹತ್ತಿರ ಬೇರೆ ದಾರಿಯೂ ಇರಲಿಲ್ಲ.

ಓಣಿಯ ಎರಡೂ ಕಡೆ ನಿಂತ ಸ್ಕೂಟರುಗಳಿಗೆ ಯಂತ್ರ ಒದರತೊಡಗಿತು. ಆಗ ಕಾಡಪ್ಪ, ವರ್ಷಕ್ಕೆ ನಾಲ್ಕು ಮಾತಾಡುವ ಕಾಡಪ್ಪ, ಓಣಿಯ ನಡುವೆ ನಿಂತು ದನಿ ಎತ್ತಿ, ಗಾಡಿಗಳನ್ನೆಲ್ಲ ಎರಡನೇ ಓಣಿಗೆ ಒಯ್ದು ನಿಲ್ಲಿಸಬೇಕೆಂದು ಹೇಳಿದ. ಜನ ಹೇಳಿದಂತೆ ಮಾಡಿದರು. ಹತ್ತು ನಿಮಿಷದಲ್ಲಿ ಓಣಿ ಖಾಲಿ. ಎಲ್ಲರೂ ಕಟ್ಟೆ ಹತ್ತಿ ನಿಂತರು.

ಸಾವಂತ್ರವ್ವ ಮೂಲೆಯಿಂದ ಸುರು ಮಾಡಿದಳು. ದನಿ ಬಂದಲ್ಲೆಲ್ಲ ನಾನು ರಂಗೋಲಿ ಪುಡಿಯಿಂದ ಗುರುತು ಹಾಕುತ್ತ ಹಿಂದೆ ನಡೆದೆ. ಸಣ್ಣ ದನಿಗೆ ಚುಕ್ಕಿ, ದೊಡ್ಡದಕ್ಕೆ ಸುತ್ತು. ಓಣಿಯ ನಡುವೆ ಬಂದಾಗ ಯಂತ್ರ ಒಮ್ಮೆಲೇ ಕೂಗಿಕೊಂಡಿತು. ಅಷ್ಟು ಜೋರು ದನಿ ನಾನು ಕೇಳಿರಲಿಲ್ಲ. ಸಾವಂತ್ರವ್ವನ ಮುಖ ಕೆಂಪಾಯಿತು. “ಇಲ್ಲೇ ಅದ” ಎಂದಳು. ಬಾಬುವಿನ ಕೂಲಿಗಳು ಗುದ್ದಲಿ ಹಾಕಿದರು. ನಾಲ್ಕು ಬೆರಳು ಹೋಗುವುದರೊಳಗೆ ತಗಡಿನ ಸದ್ದು. ಎಳೆದು ತೆಗೆದರು. ಡಾಂಬರಿನ ಪೀಪಾಯಿಯ ಮುಚ್ಚಳ. ರಸ್ತೆ ಮಾಡಿದವರು ಬಿಟ್ಟುಹೋದದ್ದು.

ಕಟ್ಟೆಯ ಮೇಲಿಂದ ಯಾರೋ ನಕ್ಕರು. “ಬಂಗಾರದ ಗಿಳಿ ಎಲ್ಲಿ” ಎಂದು ಇನ್ನೊಬ್ಬರು ಕೇಳಿದರು. ಬಾಬು ಗಡಿಯಾರ ನೋಡಿಕೊಂಡ. ಸಾವಂತ್ರವ್ವ ತುಟಿ ಕಚ್ಚಿ ನಿಂತಳು. ಹೊಸ ರಸ್ತೆಗೆ ತನ್ನ ಮಾತಿನಿಂದ ಮೂರನೇ ಗುಂಡಿ ಬಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಗಿರಬೇಕು. ನಾನು ಹತ್ತಿರ ಹೋದೆ.

“ಅಕ್ಕಾರ,” ಎಂದಳು ಮೆಲ್ಲಗೆ, “ನಿಮ್ಮ ಹಂಚು ಇಷ್ಟು ಮ್ಯಾಲಿದ್ದಾಗ ಒದರಿತ್ತು. ಆಳಕ್ಕ ಹೋದಾಗ ಗುನುಗಿತ್ತು. ನಾ ಜೋರ ದನಿ ಬೆನ್ನ ಹತ್ತೀನಿ. ಮುಚ್ಚಳ ಆಳದಾಗ ಅದಲ್ರಿ.”

“ಹಂಗಾದ್ರ ಗುನುಗು ಹುಡುಕು.”

ಅವಳು ಮತ್ತೆ ಮೊದಲಿನಿಂದ ಸುರು ಮಾಡಿದಳು. ಈ ಸಲ ನಿಧಾನ. ಸ್ಪೀಕರಿನ ಡಬ್ಬಿಯನ್ನು ಎತ್ತಿ ಕಿವಿಗೇ ಹಿಡಿದುಕೊಂಡಳು. ಕೈಸನ್ನೆ ಮಾಡಿ ಎಲ್ಲರನ್ನೂ ಸುಮ್ಮನಿರಿಸಿದಳು. ಹಿಟ್ಟಿನ ಗಿರಣಿಯವರು ತಾವಾಗಿಯೇ ಗಿರಣಿ ನಿಲ್ಲಿಸಿದರು. ನಲವತ್ತೆರಡು ಮನೆಯ ಜನ ನಿಂತ ಓಣಿಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳುತ್ತಿತ್ತು.

ಗಿರಣಿಯ ಮುಂದೆ ಬಂದಾಗ ಅವಳ ಕೋಲು ನಿಂತಿತು. ಹಿಂದೆ ಹೋದಳು, ಮುಂದೆ ಬಂದಳು. ಅಡ್ಡ ನಿಂತಳು. ನಾಲ್ಕೂ ದಿಕ್ಕಿನಿಂದ ಆಡಿಸಿದಳು. ನನಗೇನೂ ಕೇಳಲಿಲ್ಲ. ಅವಳು ಕಾಲಿನಿಂದ ತೋರಿಸಿದಲ್ಲೆಲ್ಲ ನಾನು ರಂಗೋಲಿ ಬಿಟ್ಟೆ. ಬಿಟ್ಟು ಮುಗಿದಾಗ ನೆಲದ ಮೇಲೆ ಹಿಟ್ಟು ನಾದುವ ಪರಾತದಷ್ಟು ದೊಡ್ಡ ಬಿಳಿ ಸುತ್ತು ಮೂಡಿತ್ತು. ನಕಾಶೆಯ ಗುರುತಿಗೂ ಇದಕ್ಕೂ ಮೂವತ್ತು ಅಡಿ ಅಂತರ.

ಬಾಬು ತಲೆ ಅಲ್ಲಾಡಿಸಿದ. “ತಾಯಿ, ಇನ್ನೊಂದು ಗುಂಡಿ ತೋಡಿ ಅದೂ ಖಾಲಿ ಬಂದ್ರೆ ನನ್ನ ಕೆಲಸ ಹೋಗುತ್ತೆ” ಎಂದ ಮರಾಠಿಯಲ್ಲಿ.

ಕಾಡಪ್ಪ ಕೂಲಿಯವನ ಕೈಯಿಂದ ಉಳಿ ಸುತ್ತಿಗೆ ತೆಗೆದುಕೊಂಡ. “ಸುತ್ತಿನ ಹೊರಗ ಒಂದು ಕಲ್ಲ ಹಾರಸಂಗಿಲ್ಲ, ತಿರುಗಿ ಮುಚ್ಚಿ ಕೊಡ್ತೀನಿ” ಎಂದು ಅವನಿಗೆ ಅರ್ಥವಾಗುವಂತೆ ಹೇಳಿ ಕೂತ. ಇಪ್ಪತ್ತೇಳು ವರ್ಷ ಕಾಂಕ್ರೀಟಿನ ಜೊತೆ ಬದುಕಿದ ಕೈ. ಹೊಸ ಡಾಂಬರು ರೊಟ್ಟಿಯ ಹಾಗೆ ಎದ್ದು ಬಂತು. ಅದರ ಕೆಳಗೆ ಹೊಸದಾಗಿ ಹಾಕಿದ ಖಡಿ. ಅದನ್ನೂ ತೆಗೆದ. ಕೆಳಗೆ ಮುರುಮು ಮಣ್ಣು. ಒಂದು ಗೇಣು ಇಳಿಯಿತು. ಏನಿಲ್ಲ. ಕಾಡಪ್ಪ ತಲೆ ಎತ್ತಿ ಹೆಂಡತಿಯ ಮುಖ ನೋಡಿದ.

ಸಾವಂತ್ರವ್ವ ಕೋಲನ್ನು ಗುಂಡಿಯೊಳಗೇ ಇಳಿಸಿದಳು. ಈಗ ಗುನುಗಲಿಲ್ಲ. ಇಡೀ ಓಣಿಗೆ ಕೇಳುವಂತೆ ಒದರಿತು.

“ಇನ್ನ ನಾಕ ಬೆರಳು” ಎಂದಳು.

ಮೂರೇ ಪೆಟ್ಟು. ಮೂರನೆಯದಕ್ಕೆ ಟಣ್ ಎಂಬ ಸದ್ದು ಬಂತು. ಉಳಿಯ ತುದಿ ಜಾರಿತು. ಕಾಡಪ್ಪ ಕೈಯಿಂದ ಮಣ್ಣು ಸರಿಸಿದ. ಗೆರೆಗೆರೆಯ ಕಪ್ಪು ಕಬ್ಬಿಣ ಕಂಡಿತು. ಬಾಬು ಗುಂಡಿಯ ಅಂಚಿಗೆ ಮೊಣಕಾಲೂರಿ ಬಿದ್ದವನೇ ಎರಡೂ ಕೈಯಿಂದ ಬಗೆಯತೊಡಗಿದ. ಅವನ ಬಾಯಿಂದ “ಹೇಚ್, ಹೇಚ್” ಎಂಬ ಒಂದೇ ಮಾತು ಬರುತ್ತಿತ್ತು, ಇದೇ ಇದೇ ಎಂದು. ಹಾರೆ ಹಾಕಿ ಮುಚ್ಚಳ ಎಬ್ಬಿಸಿದರು. ಬಾಬು ಉದ್ದನೆಯ ಚಾವಿ ಇಳಿಸಿ ತಿರುವಿದ. ಮೊದಲು ತಿರುಗಲಿಲ್ಲ. ಕಾಡಪ್ಪನೂ ಕೈ ಹಾಕಿದ. ಆಗ ತಿರುಗಿತು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಿರಣಿಯ ಪಕ್ಕದ ಮನೆಯ ನಳ ಗಾಳಿ ಉಗುಳಿತು, ಕೆಮ್ಮಿತು, ಕೆಂಪು ನೀರು ಉಗುಳಿತು. ಒಂದಾದಮೇಲೊಂದು ಮನೆಯ ನಳಗಳು ಕೆಮ್ಮುತ್ತ ಬಂದವು. ಕಟ್ಟೆಯ ಮೇಲಿದ್ದವರೆಲ್ಲ ಒಳಗೆ ಓಡಿದರು. ಕೊಡ, ಬಕೀಟು, ಪಾತೇಲಿಗಳ ಸದ್ದು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು.

ಸಾವಂತ್ರವ್ವ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮುಖದ ತುಂಬ ನಗು. “ಕೇಳಿದ್ರೇನ್ರಿ ಅಕ್ಕಾರ, ಟಣ್ ಅಂದದ್ದು” ಎಂದಳು. ಅರ್ಧ ತಾಸಿನಲ್ಲಿ ಅದೇ ಮಾತನ್ನು ಎಂಟು ಜನರಿಗೆ ಕೇಳಿದಳು.

ಬಾಬು ಆ ಮುಚ್ಚಳದ ಗುರುತನ್ನು ಹಳದಿ ಬಣ್ಣದಲ್ಲಿ ಗೋಡೆಯ ಮೇಲೆ ಬರೆದ. ಮುಂದಿನ ರವಿವಾರಗಳಲ್ಲಿ ಬೇರೆ ಓಣಿಗಳ ಕಳೆದುಹೋದ ಮುಚ್ಚಳಗಳಿಗೂ ಅವಳನ್ನು ಕರೆದೊಯ್ದ. ಮೂರು ಸಿಕ್ಕವು, ಒಂದು ಸಿಗಲಿಲ್ಲ. ಸಿಗದ ಒಂದರ ಬಗ್ಗೆ ಅವಳು ಇವತ್ತಿಗೂ ಚಡಪಡಿಸುತ್ತಾಳೆ.

ಹೆಸರಾದಮೇಲೆ ಬೇರೆಯವರೂ ಬಂದರು. ಸಂಕ್ರಾಂತಿ ಆದಮೇಲೆ ಒಬ್ಬ ಮನುಷ್ಯ ಕಾರಿನಲ್ಲಿ ಬಂದು, ತಮ್ಮ ಹಳ್ಳಿಯ ಪಾಳು ವಾಡೆಯ ಹಿಂದೆ ಹಂಡೆ ಹೂತಿದೆ, ಅಮಾವಾಸ್ಯೆಗೆ ಪೂಜೆ ಇಟ್ಟಿದ್ದೇವೆ, ನೀವು ಕೋಲು ತಂದು ಜಾಗ ತೋರಿಸಿದರೆ ಸಾಕು ಎಂದ. ಸಾವಂತ್ರವ್ವ ಅವನಿಗೆ ಚಹಾ ಕೊಟ್ಟಳು. ಕುಡಿದು ಮುಗಿಯುವ ತನಕ ಕಾದು ಹೇಳಿದಳು: “ಹಗಲಿನ್ಯಾಗ, ಜಾಗದ ಮಾಲಕರ ಎದುರು, ಸರ್ಕಾರದವರಿಗಿ ಹೇಳಿ ಹುಡುಕೂದಿದ್ರ ಬರ್ತೀನ್ರಿ. ಅಮಾಸಿಗಿ ಕದ್ದು ಹುಡುಕೂದು ನನ್ನ ಕೋಲಿಗಿ ಬರಂಗಿಲ್ಲ.” ಅವನು ಮತ್ತೆ ಬರಲಿಲ್ಲ.

ಕಾರ್ಖಾನೆಯ ಇನ್ನೂ ನಾಲ್ಕು ಹೆಂಗಸರು ತಮಗೂ ಕೋಲು ಬೇಕೆಂದರು. ರಘುರಾಮ ಸರ್ಕಿಟ್ಟು ಮಾಡಿ ಮಾಡಿ ಸುಸ್ತಾಗಿ, ಅದನ್ನೂ ಅವರಿಗೇ ಕಲಿಸಿಬಿಟ್ಟ. ಈಗ ಐದು ಕೋಲುಗಳಿವೆ. ರವಿವಾರ ಅವರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಯಾರದು ಹೆಚ್ಚು ಆಳಕ್ಕೆ ಕೇಳುತ್ತದೆಂದು ಬಸ್ಸಿನಲ್ಲೇ ವಾದ ಸುರುವಾಗುತ್ತದೆ. ಸುತ್ತುವುದು ನನ್ನ ಹಾಗೆ ಬರಬೇಕಲ್ಲ ಎಂದು ಸಾವಂತ್ರವ್ವ ಕಿಟಕಿಯಾಚೆ ನೋಡುತ್ತ ಹೇಳುತ್ತಾಳೆ, ಅವರಿಗೆ ಕೇಳುವಂತೆ.

ಹೋದ ತಿಂಗಳು ಬಾಬು ಕಾಂಬಳೆಯ ಸೋದರಮಾವನ ಹೊಲಕ್ಕೆ ಹೋಗಿದ್ದೆವು, ಶಿರೂರಿನ ಹತ್ತಿರ. ಟ್ರ್ಯಾಕ್ಟರಿನಿಂದ ನೆಲ ಹದ ಮಾಡುವಾಗ ಯಂತ್ರದ ಒಂದು ಅಲಗು ಮುರಿದು ಮಣ್ಣಿನೊಳಗೆ ಉಳಿದಿತ್ತು. ಟೈರಿಗೆ ಚುಚ್ಚೀತು, ಎತ್ತಿನ ಕಾಲಿಗೆ ನಟ್ಟೀತು ಎಂದು ಅವರಿಗೆ ಚಿಂತೆ. ಎರಡೆಕರೆ ಹೊಲವನ್ನು ಐದು ಹೆಂಗಸರು ಸಾಲು ಹಿಡಿದು ನಡೆದು, ಬೆಳಗಿನ ಹನ್ನೊಂದು ಗಂಟೆಯೊಳಗೆ ಅಲಗು ಹುಡುಕಿ ಕೊಟ್ಟರು. ಹುಡುಕಿದವಳು ಸಾವಂತ್ರವ್ವ ಅಲ್ಲ, ಕೋಲು ಹಿಡಿದು ಎರಡೇ ವಾರವಾಗಿದ್ದ ಮಾಯಾ. ಸಾವಂತ್ರವ್ವ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು.

ಎಲ್ಲರೂ ಬೇವಿನ ಮರದಡಿ ಬುತ್ತಿ ಬಿಚ್ಚಿದರು. ಸಾವಂತ್ರವ್ವ ನನ್ನ ಕೈಗೆ ತನ್ನ ಕೋಲು ಕೊಟ್ಟಳು.

“ಇಷ್ಟು ದಿನ ರಂಗೋಲಿ ಹಾಕೂದೇ ಆಯ್ತಲ್ರಿ ಅಕ್ಕಾರ. ಇವತ್ತ ನೀವು ಆಡಸ್ರಿ.”

“ನನಗ ಮೊಣಕಾಲು ನೋವು ಮಾರಾಯ್ತಿ, ಬಗ್ಗಾಕ ಬರೂದಿಲ್ಲ.”

“ಬಗ್ಗೂದು ನಾ ಮಾಡ್ತೀನಿ. ಕೇಳೂದು ನೀವು ಮಾಡ್ರಿ.”

ಬದುವಿನ ಗುಂಟ ನಡೆದೆ. ಕೋಲು ನೋಡಿದಷ್ಟು ಹಗುರವಿಲ್ಲ. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ, ಏನೂ ಇಲ್ಲ. ಬಿಸಿಲು ಏರಿತ್ತು, ತಿರುಗೋಣ ಎಂದುಕೊಂಡೆ. ಅಷ್ಟರಲ್ಲಿ ಕೈಯೊಳಗಿನ ಡಬ್ಬಿ ಕುಂಯ್ ಎಂದಿತು. ಆ ದನಿಯನ್ನು ನೂರು ಸಲ ಕೇಳಿದವಳು ನಾನು. ಆದರೆ ನನ್ನ ಕೈಯಲ್ಲಿ ಬಂದಾಗ ಎದೆ ಡವಗುಟ್ಟಿತು. ಅಡ್ಡ ನಿಂತು ಮತ್ತೆ ಆಡಿಸಿದೆ. ಮತ್ತೆ ಕುಂಯ್. “ಇಲ್ಲಿ” ಎಂದೆ.

ಸಾವಂತ್ರವ್ವ ಕುರ್ಪಿ ಹಿಡಿದು ಕೂತಳು. ಅವಳು ಮಣ್ಣು ತೆಗೆಯುವ ತನಕ ತಾಳಲಾರದೆ, ಮೊಣಕಾಲು ಮರೆತು ನಾನೂ ಪಕ್ಕದಲ್ಲಿ ಕೂತೆ. ಬಂದದ್ದು ಒಂದು ಎತ್ತಿನ ಲಾಳ. ತುಕ್ಕು ಹಿಡಿದು ತೆಳ್ಳಗಾಗಿತ್ತು, ಒಂದು ಮೊಳೆ ಇನ್ನೂ ಅದಕ್ಕೆ ಕಚ್ಚಿಕೊಂಡಿತ್ತು. ಹೊಲದ ಮಾಲಕರಿಗೆ ತೋರಿಸಿದೆ. ತಮ್ಮ ಅಜ್ಜನ ಕಾಲದ್ದಿರಬೇಕು, ಒಯ್ಯಿರಿ ಎಂದರು ಅವರು. ಕೈಚೀಲದಲ್ಲಿ ಹಾಕಿದರೆ ಕಾಣುವುದಿಲ್ಲವೆಂದು ಬಸ್ಸಿನಲ್ಲಿ ಭೋಸರಿಯ ತನಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದೆ.